ತೋಟದ ಲೈನಿಗೆ ಅಭ್ಯರ್ಥಿ ಯಾವ ಹೊತ್ತಿಗೆ ಹೋಗಬೇಕು?

ದುಡಿಯುವ ಜನರ ಅಹವಾಲು ಕೇಳಲು ಅಭ್ಯರ್ಥಿಗಳು ಪ್ರವಾಸ ಹೊರಡುವ ಬಗ್ಗೆ ಈ ಸಲ ಸಾಕಷ್ಟು ಪತ್ರಗಳು ಬಂದಿವೆ. ಕೊಡಗಿನಿಂದ ಬಂದವನ್ನಷ್ಟೇ ಆರಿಸಿ ಉತ್ತರಿಸಿದ್ದೇವೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು, ಹಾಗಾಗಿ ಎಲ್ಲ ಪ್ರಶ್ನೆಗಳಿಗೂ ಊರಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಅಭ್ಯರ್ಥಿ ಕಾಫಿ ತೋಟದ ಕಾರ್ಮಿಕರನ್ನು ಭೇಟಿಯಾಗಿ ಅವರ ಮಾತು ಕೇಳಬೇಕೆಂದಿದ್ದಾರೆ. ಯಾವ ತಿಂಗಳು, ಯಾವ ಹೊತ್ತು ಅನುಕೂಲ? (ಸಿದ್ದಾಪುರ)

ಮೊದಲು ತಿಂಗಳ ಮಾತು. 2013, 2018, 2023ರ ವಿಧಾನಸಭಾ ಚುನಾವಣೆಗಳ ಮತದಾನ ಮೇ ತಿಂಗಳಲ್ಲಿ ನಡೆಯಿತು. ಅಭ್ಯರ್ಥಿಗಳು ಜೀಪು ಹತ್ತುವುದು ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಅರೇಬಿಕಾ, ರೊಬಸ್ಟಾ ಎರಡರ ಕೊಯ್ಲೂ ಮುಗಿದಿರುತ್ತದೆ, ಮೆಣಸು ಕೊಯ್ಲು ಕೊನೆಯ ಹಂತದಲ್ಲಿರುತ್ತದೆ, ಕೊಯ್ಲಿಗೆಂದು ಹೊರಗಿನಿಂದ ಬಂದವರು ಊರಿಗೆ ಹೊರಟಿರುತ್ತಾರೆ. ಲೈನಿನಲ್ಲಿ, ಅಂದರೆ ತೋಟದೊಳಗಿನ ಕಾರ್ಮಿಕರ ಸಾಲುಮನೆಗಳಲ್ಲಿ, ಉಳಿದವರು ಕಾಯಂ ಆಳುಗಳು ಮಾತ್ರ. ಕೂಲಿ, ತೂಕ, ಮುಂಗಡ, ಮಕ್ಕಳ ಶಾಲೆ ಇವುಗಳ ಜಗಳವೆಲ್ಲ ನಡೆಯುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ಕೇಳುವ ಮನಸ್ಸಿದ್ದರೆ ಟಿಕೆಟ್ ಘೋಷಣೆಗೆ ಕಾಯದೆ ಆಗಲೇ ಹೋಗಬೇಕು. ಏಪ್ರಿಲ್‌ನಲ್ಲಿ ಮೊದಲ ಸಲ ಬಂದವರಿಗೆ ಲೈನಿನ ಜನ ಕೈ ಮುಗಿಯುತ್ತಾರೆ, ಮಾತಾಡುವುದಿಲ್ಲ.

ಇನ್ನು ಹೊತ್ತು. ತೋಟದ ಕೆಲಸ ಸಾಮಾನ್ಯವಾಗಿ ಬೆಳಗ್ಗೆ ಎಂಟರ ಸುಮಾರಿಗೆ ಶುರುವಾಗಿ ಸಂಜೆ ನಾಲ್ಕೂವರೆಯ ಆಸುಪಾಸಿಗೆ ಮುಗಿಯುತ್ತದೆ. ಕೊಯ್ಲಿನ ಕಾಲದಲ್ಲಿ ಅದರ ಮೇಲೆ ತೂಕದ ಸಮಯವೂ ಸೇರುತ್ತದೆ. ಕೆಲಸದ ಹೊತ್ತಿನಲ್ಲಿ ಹೋಗಲೇಬೇಡಿ. ಕೆಜಿ ಲೆಕ್ಕದಲ್ಲಿ ಹಣ್ಣು ಕೊಯ್ಯುವವರನ್ನು ಹತ್ತು ನಿಮಿಷ ನಿಲ್ಲಿಸಿದರೆ ಆ ಹತ್ತು ನಿಮಿಷದ ಕೂಲಿ ಹೋಯಿತು. ಮಧ್ಯಾಹ್ನದ ಊಟದ ಹೊತ್ತು ಸುಲಭವಾಗಿ ಕಾಣುತ್ತದೆ, ಆದರೆ ಮೇಸ್ತ್ರಿ ಪಕ್ಕದಲ್ಲೇ ಬುತ್ತಿ ಬಿಚ್ಚಿ ಕೂತಿರುತ್ತಾನೆ.

ಸಂಜೆ ಐದಕ್ಕೆ ಲೈನಿಗೆ ಹೋದರೆ ಗಂಡಸರು ಸಿಗುತ್ತಾರೆ. ಹೆಂಗಸರು ನೀರು, ಸೌದೆ, ಸ್ನಾನ, ಅಡುಗೆಯಲ್ಲಿ ಮುಳುಗಿರುತ್ತಾರೆ. ಏಳರ ನಂತರ ಹೋದರೆ ಗಂಡಸರಲ್ಲಿ ಕೆಲವರು ಕುಡಿದಿರುತ್ತಾರೆ, ಮಾತು ಜಗಳಕ್ಕೆ ತಿರುಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಆನೆ. ಮಾಲ್ದಾರೆ, ಚೆನ್ನಯ್ಯನಕೋಟೆ, ತಿತಿಮತಿ, ಸಿದ್ದಾಪುರ ಸುತ್ತಿನ ತೋಟಗಳಲ್ಲಿ ಮುಸ್ಸಂಜೆಯಾದ ಮೇಲೆ ಆನೆ ರಸ್ತೆಗಿಳಿಯುತ್ತದೆ. ಸಭೆ ಮುಗಿಸಿ ನೀವು ಜೀಪಿನಲ್ಲಿ ಹೋಗುತ್ತೀರಿ, ಪಕ್ಕದ ಲೈನಿನಿಂದ ಬಂದವರು ಕತ್ತಲಲ್ಲಿ ಕಾಲುದಾರಿ ಹಿಡಿಯಬೇಕು. ಬೆಳಗಿನ ಜಾವದ್ದೂ ಇದೇ ಅಪಾಯ.

ಸರಿಯಾದ ಹೊತ್ತು ಭಾನುವಾರ ಬೆಳಗ್ಗೆ ಎಂಟರಿಂದ ಹತ್ತು. ಅದು ಬಟ್ಟೆ ಒಗೆಯುವ, ತಲೆ ಬಾಚುವ ಹೊತ್ತು, ಹೆಂಗಸರು ಹೊರಗೇ ಇರುತ್ತಾರೆ. ವಾರದ ಬಟವಾಡೆ ಶನಿವಾರ ಆಗುವ ತೋಟಗಳಲ್ಲಿ ಕೂಲಿ ಸಿಕ್ಕಿದ್ದೆಷ್ಟು, ಹಿಡಿದದ್ದೆಷ್ಟು ಎಂಬುದು ಬಾಯಲ್ಲೇ ಇರುತ್ತದೆ. ಹತ್ತರ ಮೇಲೆ ಎಲ್ಲರೂ ಸಂತೆಗೆ ಹೊರಡುತ್ತಾರೆ. ಸಿದ್ದಾಪುರ, ಗೋಣಿಕೊಪ್ಪ ಎರಡೂ ಕಡೆ ಸಂತೆ ಭಾನುವಾರವೇ. ಸಂತೆಯ ಒಳಗೆ ಕೈ ಮುಗಿಯುತ್ತ ನಡೆಯುವುದು ಫೋಟೊಗೆ ಚೆಂದ ಅಷ್ಟೇ. ಮಾತು ಬೇಕಿದ್ದರೆ ಸಾಮಾನು ಕಟ್ಟಿಕೊಂಡು ಜನ ಬಸ್ಸಿಗೆ ಕಾಯುವ ಜಾಗದಲ್ಲಿ ನಿಲ್ಲಿ.

ದಿನಕ್ಕೆ ಮೂರು ಜಾಗಕ್ಕಿಂತ ಹೆಚ್ಚು ಹಾಕಿಕೊಳ್ಳಬೇಡಿ. ನಮ್ಮ ತಿರುವು ರಸ್ತೆಗಳಲ್ಲಿ 25 ಕಿಲೋಮೀಟರಿಗೆ ಒಂದು ಗಂಟೆ ಎಂದೇ ಲೆಕ್ಕ. ಎಂಟು ಜಾಗ ಹಾಕಿಕೊಂಡವರು ಕೊನೆಯ ಐದರಲ್ಲಿ ಬರೀ ಕೈ ಬೀಸುತ್ತಾರೆ.

ಪ್ರಶ್ನೆ: ಲೈನಿಗೆ ಹೋದಾಗೆಲ್ಲ ಕಾರ್ಮಿಕರು ಎಲ್ಲ ಚೆನ್ನಾಗಿದೆ ಅನ್ನುತ್ತಾರೆ. ನಂಬುವುದೆ? (ಅಮ್ಮತ್ತಿ)

ಹೇಳುವಾಗ ಅವರ ಪಕ್ಕ ಯಾರು ನಿಂತಿದ್ದರು, ಅದನ್ನು ನೋಡಿ. ತೋಟದ ಲೆಕ್ಕ ಬರೆಯುವ ರೈಟರ್ ಇದ್ದರೆ ಆ ಉತ್ತರಕ್ಕೆ ಬೆಲೆಯಿಲ್ಲ.

ತೋಟ ಖಾಸಗಿ ಜಾಗ, ಮಾಲೀಕರಿಗೆ ತಿಳಿಸದೆ ನುಗ್ಗುವಂತಿಲ್ಲ. ಎರಡು ದಿನ ಮುಂಚೆ ಫೋನು ಮಾಡಿ, ಎಷ್ಟು ಜನ, ಎಷ್ಟು ಹೊತ್ತು ಎಂದು ಹೇಳಿ. ಜೊತೆಗೇ ಇನ್ನೊಂದನ್ನೂ ಕೇಳಿಕೊಳ್ಳಿ: "ಆ ಮುಕ್ಕಾಲು ಗಂಟೆ ರೈಟರ್, ಮೇಸ್ತ್ರಿ ಇಬ್ಬರೂ ಲೈನಿನ ಹತ್ತಿರ ಇರುವುದು ಬೇಡ. ಮುಗಿದ ಮೇಲೆ ನಿಮ್ಮ ಮನೆಗೆ ಬಂದು ನಿಮ್ಮ ಮಾತೂ ಕೇಳುತ್ತೇವೆ." ಬಹುತೇಕ ಮಾಲೀಕರು ಒಪ್ಪುತ್ತಾರೆ. ಅವರಿಗೂ ಹೇಳಿಕೊಳ್ಳುವುದಿರುತ್ತದೆ: ಆಳು ಸಿಗುತ್ತಿಲ್ಲ, ಆನೆ ಬೇಲಿ ಮುರಿದಿದೆ, ಮಳೆಗೆ ಕಾಯಿ ಉದುರಿದೆ. ಕ್ರಮ ಮಾತ್ರ ತಪ್ಪಬಾರದು. ಮೊದಲು ಮಾಲೀಕರ ಮನೆಯಲ್ಲಿ ಕಾಫಿ ಕುಡಿದು, ಅವರ ಜೀಪಿನಲ್ಲೇ ಲೈನಿಗೆ ಇಳಿದರೆ ಆ ದಿನದ ಕೆಲಸ ಕೆಟ್ಟಿತು.

ಒಪ್ಪದಿದ್ದರೆ ವಾದ ಬೇಡ. ಬಸ್ ತಂಗುದಾಣ, ಪಂಚಾಯಿತಿ ಕಟ್ಟೆ, ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲು, ಇವು ಯಾರ ತೋಟವೂ ಅಲ್ಲ. ದೇವಸ್ಥಾನ, ಮಸೀದಿ, ಚರ್ಚು ಬೇಡ. ಪ್ರಾರ್ಥನಾ ಸ್ಥಳವನ್ನು ಪ್ರಚಾರಕ್ಕೆ ಬಳಸುವುದಕ್ಕೆ ನೀತಿ ಸಂಹಿತೆಯಲ್ಲೇ ತಡೆಯಿದೆ.

ಹೋಗುವವರು ನಾಲ್ವರು ಸಾಕು: ಅಭ್ಯರ್ಥಿ, ಬರೆದುಕೊಳ್ಳುವವರೊಬ್ಬರು, ಅಲ್ಲಿನ ಭಾಷೆ ಬಲ್ಲ ಒಬ್ಬ ಹೆಣ್ಣುಮಗಳು, ಜೀಪಿನ ಚಾಲಕ. ಮೈಕು ಬೇಡ. ಇಡೀ ಲೈನಿನಲ್ಲಿ ಸಿಗುವ ಒಂದೇ ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸಿ ಅಂಗಳದ ನಡುವೆ ಹಾಕುತ್ತಾರೆ. ಅದರಲ್ಲಿ ಕೂತರೆ ಉಳಿದವರೆಲ್ಲ ನಿಂತೇ ಮಾತಾಡಬೇಕು, ನಿಂತವರು ಎರಡು ಮಾತಿಗೆ ಮುಗಿಸುತ್ತಾರೆ. ಜಗಲಿಯ ಅಂಚಿನಲ್ಲಿ ಕೂತುಬಿಡಿ. ಕುರ್ಚಿ ಅಲ್ಲಿನ ಹಿರಿಯಜ್ಜಿಗೆ ಹೋಗಲಿ.

ಪ್ರಶ್ನೆ: ಏನು ಕೇಳಬೇಕು? ಹೇಗೆ ಬರೆದುಕೊಳ್ಳಬೇಕು? (ಪಾಲಿಬೆಟ್ಟ)

"ನಿಮ್ಮ ಸಮಸ್ಯೆ ಏನು?" ಎಂದು ಕೇಳಿದರೆ "ಮನೆ ಇಲ್ಲ, ರಸ್ತೆ ಇಲ್ಲ" ಎಂಬ ಉತ್ತರ ಸಿಗುತ್ತದೆ. ಹಿಂದೆ ಬಂದವರಿಗೆ ಹೇಳಿ ಹೇಳಿ ರೂಢಿಯಾದ ಉತ್ತರ ಅದು. ನಿನ್ನೆಯ ದಿನದ ಬಗ್ಗೆ ಕೇಳಿ. ನಿನ್ನೆ ನೀರು ಎಲ್ಲಿಂದ ತಂದಿರಿ, ಎಷ್ಟು ಸಲ ಹೋದಿರಿ? ಕಳೆದ ಸಲ ಮಗುವಿಗೆ ಜ್ವರ ಬಂದಾಗ ಯಾವ ಆಸ್ಪತ್ರೆಗೆ, ಯಾವ ಗಾಡಿಯಲ್ಲಿ ಹೋದಿರಿ, ಬಾಡಿಗೆ ಎಷ್ಟಾಯಿತು? ಈ ವಾರ ಎಷ್ಟು ದಿನ ಕೆಲಸ ಸಿಕ್ಕಿತು? ಕೈಗೆ ಬಂದದ್ದೆಷ್ಟು, ಮುಂಗಡಕ್ಕೆ ಹಿಡಿದದ್ದೆಷ್ಟು? ಶೌಚಾಲಯ ಎಷ್ಟು ಮನೆಗೆ ಒಂದು, ಬಾಗಿಲು ಇದೆಯೆ?

ಕೊಯ್ಲಿನ ಕಾಲವಾದರೆ ತೂಕದ ಬಗ್ಗೆ ಕೇಳಲೇಬೇಕು. ಸಂಜೆ ಹಣ್ಣು ತುಂಬಿದ ಗೋಣಿಚೀಲವನ್ನು ತಕ್ಕಡಿಗೆ ಹಾಕಿ, ಚೀಲದ ತೂಕವೆಂದು ಇಷ್ಟು ಕಳೆದು, ರೈಟರ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಒಣಗಿದ ಗೋಣಿ ಒಂದು ಕೆಜಿಯ ಆಸುಪಾಸು ತೂಗುತ್ತದೆ. ಇಬ್ಬನಿಗೋ ಮಳೆಗೋ ನೆಂದರೆ ಅದಕ್ಕಿಂತ ಹೆಚ್ಚು. ಹಾಗಾಗಿ ಎಷ್ಟು ಕಳೆಯುವುದು ನ್ಯಾಯ ಎಂಬುದರಲ್ಲೇ ತಕರಾರು. ಕೇಳಬೇಕಾದ್ದು ಮೂರು: ಚೀಲಕ್ಕೆ ಎಷ್ಟು ಕಳೆಯುತ್ತಾರೆ, ತಕ್ಕಡಿಯ ಮುಳ್ಳು ಅಥವಾ ಅಂಕಿ ನಿಮಗೆ ಕಾಣುವಂತೆ ಇರುತ್ತದೆಯೆ, ಬರೆದದ್ದರ ಚೀಟಿ ನಿಮ್ಮ ಕೈಗೆ ಸಿಗುತ್ತದೆಯೆ? ಎಲ್ಲ ತೋಟದಲ್ಲೂ ಮೋಸವಿದೆ ಎಂದು ಇದರ ಅರ್ಥವಲ್ಲ. ಅಂಕಿ ತೋರಿಸಿ ಚೀಟಿ ಕೊಡುವ ತೋಟಗಳೂ ಇವೆ, ಅಲ್ಲಿ ಈ ಜಗಳವೇ ಇರುವುದಿಲ್ಲ. ಅದನ್ನೂ ಬರೆದುಕೊಳ್ಳಿ, ಪಕ್ಕದ ತೋಟದವರೊಂದಿಗೆ ಮಾತಾಡುವಾಗ ನೆರವಾಗುತ್ತದೆ.

ಬರೆಯಲು ಇನ್ನೂರು ಪುಟದ ಸಾದಾ ನೋಟುಬುಕ್ ಸಾಕು. ಐದು ಕಾಲಂ ಹಾಕಿ. ಮೊದಲನೆಯದು ದಿನ ಮತ್ತು ಜಾಗ. ಎರಡನೆಯದು ದೂರು, ಅವರದೇ ಮಾತಿನಲ್ಲಿ: "ಕುಡಿಯುವ ನೀರಿನ ಕೊರತೆ" ಎಂದು ತಿದ್ದಿ ಬರೆಯಬೇಡಿ, "ತೋಡಿನ ನೀರು ಬೇಸಿಗೆಯಲ್ಲಿ ನಾರುತ್ತದೆ" ಎಂದಿದ್ದರೆ ಹಾಗೇ ಇರಲಿ. ಮೂರನೆಯದು ಯಾವ ಕಚೇರಿಯ ಕೆಲಸ ಎಂಬುದು. ನಾಲ್ಕನೆಯದು ನೀವು ಅಲ್ಲಿ ಏನು ಹೇಳಿ ಬಂದಿರಿ. ಐದನೆಯದು ಮರಳಿ ಹೋಗಿ ಉತ್ತರ ತಿಳಿಸಿದ ದಿನ. ಬಹುತೇಕರ ಪುಸ್ತಕದಲ್ಲಿ ಐದನೆಯದು ಖಾಲಿಯಾಗಿಯೇ ಉಳಿಯುತ್ತದೆ.

ಮೂರನೆಯ ಕಾಲಂ ಮನೆಯಲ್ಲಿ ಕೂತು ತುಂಬುವಂಥದ್ದು, ಸ್ವಲ್ಪ ಜ್ಞಾನ ಬೇಕು. ಬೀದಿದೀಪ, ಕೊಳವೆ ನೀರು, ಚರಂಡಿ ಗ್ರಾಮ ಪಂಚಾಯಿತಿಯದು. ಕನಿಷ್ಠ ವೇತನ, ಗೈರುಹಾಜರಿ ಕಡಿತ ಕಾರ್ಮಿಕ ನಿರೀಕ್ಷಕರದು. ಲೈನ್ ಮನೆಯ ದುರಸ್ತಿ, ನೀರು, ಶೌಚಾಲಯ: 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದ ದೊಡ್ಡ ತೋಟಗಳಲ್ಲಿ ಇವು ಮಾಲೀಕರ ಹೊಣೆಯೆಂದೇ ಕಾನೂನು ನೋಡುತ್ತ ಬಂದಿದೆ. ಆನೆ ಅರಣ್ಯ ಇಲಾಖೆಯದು. ಲೋಕಸಭೆಗೆ ನಿಂತವರು ಬೀದಿದೀಪದ ಮಾತು ಕೊಟ್ಟು ಬಂದರೆ ಕೇಳಿದವರು ಒಳಗೊಳಗೇ ನಗುತ್ತಾರೆ.

ಪ್ರಶ್ನೆ: ಬೆಳಗ್ಗೆ ಪಿಕಪ್‌ನಲ್ಲಿ ಹುಣಸೂರು, ಪಿರಿಯಾಪಟ್ಟಣ ಕಡೆಯಿಂದ ಬರುವ ಆಳುಗಳು ನಮ್ಮ ಮತದಾರರಲ್ಲವಲ್ಲ? (ತಿತಿಮತಿ)

ವಿಧಾನಸಭೆಗೆ ಅಲ್ಲ. ಲೋಕಸಭೆಗೆ ಹೌದು. ಮೈಸೂರು ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಮಡಿಕೇರಿ, ವಿರಾಜಪೇಟೆ ಜೊತೆಗೆ ಹುಣಸೂರು, ಪಿರಿಯಾಪಟ್ಟಣವೂ ಸೇರಿವೆ. ದುಡಿಯುವುದು ಇಲ್ಲಿ, ವೋಟು ಅಲ್ಲಿ, ಸಂಸದರು ಒಬ್ಬರೇ. ಇವರನ್ನು ಬೆಳಗ್ಗೆ ತಡೆಯಬೇಡಿ, ಗಾಡಿ ತಡವಾದರೆ ಬೈಗುಳ ಅವರಿಗೆ ಬೀಳುತ್ತದೆ. ಭಾನುವಾರ ಅವರ ಊರಿಗೇ ಹೋಗಿ. ಗಾಡಿಯಲ್ಲಿ ಎಷ್ಟು ಜನರನ್ನು ತುಂಬುತ್ತಾರೆ, ಅಪಘಾತವಾದರೆ ವಿಮೆ ಯಾರದು, ಈ ಎರಡು ಪ್ರಶ್ನೆ ಮುಖ್ಯ.

ಪ್ರಶ್ನೆ: ಅಸ್ಸಾಮಿನಿಂದ ಬಂದವರ ಹತ್ತಿರ ಮಾತಾಡಿ ಏನು ಪ್ರಯೋಜನ? ವೋಟೇ ಇಲ್ಲ. (ಸುಂಟಿಕೊಪ್ಪ)

ಹೆಚ್ಚಿನವರ ವೋಟು ಅವರ ಊರಲ್ಲೇ ಇರುತ್ತದೆ, ನಿಜ. ಆದರೆ ಅದೇ ಲೈನು, ಅದೇ ನೀರು, ಅದೇ ತಕ್ಕಡಿ. ಅವರಿಗೆ ಕೊಡುವ ಕೂಲಿಯೇ ಇಲ್ಲಿಯವರ ಕೂಲಿಯನ್ನು ಜಗ್ಗುವ ಹಗ್ಗ. ಐದು ನಿಮಿಷ ಕೊಡಿ.

ಪ್ರಶ್ನೆ: ಹಾಡಿಗಳಲ್ಲಿ (ಬುಡಕಟ್ಟಿನವರ ವಸತಿಗಳಲ್ಲಿ) ಯರವರು, ಜೇನು ಕುರುಬರು ನಮ್ಮೆದುರು ಬಾಯಿ ಬಿಡುವುದೇ ಇಲ್ಲ. ಹೇಗೆ ಕೇಳುವುದು? (ಪೊನ್ನಂಪೇಟೆ)

ದೇವರಪುರದ ಕುಂಡೆ ಹಬ್ಬದ ದಿನ ಅದೇ ಜನ ದೇವರನ್ನೂ ಬಿಡದೆ ಬೈಯುತ್ತ ಬೀದಿ ಸುತ್ತುತ್ತಾರೆ. ಅದು ಬೀಳುವುದೂ ಮೇ ತಿಂಗಳಲ್ಲೇ. ಬಾಯಿ ಇಲ್ಲದವರಲ್ಲ. ಸಾಹುಕಾರರ ಎದುರು ಬಾಯಿ ತೆರೆದರೆ ಏನಾಗುತ್ತದೆ ಎಂಬ ಲೆಕ್ಕ ಗೊತ್ತಿದ್ದವರು.

ಯರವರ ಹಾಡಿಗೆ ಯರವ ಮಾತು ಬಲ್ಲವರನ್ನು, ಜೇನು ಕುರುಬರ ಹಾಡಿಗೆ ಅವರ ಮಾತು ಬಲ್ಲವರನ್ನು ಕರೆದೊಯ್ಯಿರಿ. ಅಂಗನವಾಡಿ, ಆಶ್ರಮ ಶಾಲೆಯಲ್ಲಿ ಓದಿದ ಹುಡುಗಿಯರು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತಾರೆ. ಸರ್ಕಾರಿ ನೌಕರರನ್ನು ಮಾತ್ರ ಪ್ರಚಾರಕ್ಕೆ ಎಳೆಯಬೇಡಿ, ಅವರ ಕೆಲಸಕ್ಕೆ ಕುತ್ತು. ಗುಂಪು ಸೇರಿಸಿದರೆ ಮುಖಂಡ ಒಬ್ಬನೇ ಮಾತಾಡುತ್ತಾನೆ. ಮೊದಲು ಅವನ ಮಾತು ಪೂರ್ತಿ ಕೇಳಿ, ಆಮೇಲೆ ಗುಡಿಸಲಿನಿಂದ ಗುಡಿಸಲಿಗೆ ನಡೆಯಿರಿ.

ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟು ಮಾಡಬಾರದು. ಅರಣ್ಯದೊಳಗೆ, ಅಂಚಿನಲ್ಲಿ ಇರುವ ಹಾಡಿಯವರ ಪ್ರಶ್ನೆ 2006ರ ಅರಣ್ಯ ಹಕ್ಕು ಕಾಯ್ದೆಯದು. ಅಲ್ಲಿ "ಹಕ್ಕುಪತ್ರ ಕೊಡಿಸುತ್ತೇವೆ" ಎಂದು ಹೇಳಿ ಬರುವ ಬದಲು ಅರ್ಜಿ ಎಲ್ಲಿ ನಿಂತಿದೆ ಎಂದು ಕೇಳಿ: ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯಲ್ಲೆ, ಉಪವಿಭಾಗ ಸಮಿತಿಯಲ್ಲೆ, ಜಿಲ್ಲಾ ಸಮಿತಿಯಲ್ಲೆ? ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ನೆಲದಲ್ಲಿರುವುದನ್ನು ತೋರಿಸಿದರೆ ಸಾಕು, 75 ವರ್ಷದ ದಾಖಲೆ ಕೇಳುವುದು ಇತರ ಪಾರಂಪರಿಕ ಅರಣ್ಯವಾಸಿಗಳಿಗೆ ಮಾತ್ರ. ಇದು ಗೊತ್ತಿಲ್ಲದೆ ಅರ್ಜಿ ಕೈಬಿಟ್ಟವರು ಸಿಗುತ್ತಾರೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲಿನ ಸಮಿತಿಗೆ ಹೋಗಲು 60 ದಿನದ ಅವಧಿ. ಕೈಗೆ ಹಿಂಬರಹವೇ (ಅರ್ಜಿಗೆ ಕೊಡುವ ಲಿಖಿತ ಉತ್ತರ) ಬಂದಿಲ್ಲದಿದ್ದರೆ ಮೊದಲು ಅದನ್ನು ಕೇಳಿ ಪಡೆಯಲು ನೆರವಾಗಿ.

ತೋಟದ ಲೈನಿನಲ್ಲಿ ತಲೆಮಾರುಗಳಿಂದ ಇರುವ ಯರವರಿಗೆ ಈ ಕಾಯ್ದೆ ಸಲ್ಲದು, ಆ ನೆಲ ಅರಣ್ಯವಲ್ಲ. ಅವರಿಗೆ ಬೇಕಾದದ್ದು ನಿವೇಶನ. ಅದೂ ಎಲ್ಲಿ ಎಂಬುದು ಮುಖ್ಯ. ದಿಡ್ಡಳ್ಳಿಯಿಂದ 2016ರ ಡಿಸೆಂಬರ್‌ನಲ್ಲಿ ತೆರವುಗೊಳಿಸಿದ ಬುಡಕಟ್ಟು ಕುಟುಂಬಗಳಿಗೆ ಆಮೇಲೆ ಜಾಗ ಸಿಕ್ಕಿದ್ದು ಕುಶಾಲನಗರದ ಕಡೆ, ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ. ಮನೆ ಸಿಕ್ಕರೂ ಕೂಲಿಯ ತೋಟ ದೂರವಾದರೆ ಬಸ್ಸು ಯಾವುದು, ಚಾರ್ಜು ಎಷ್ಟು ಎಂಬ ಪ್ರಶ್ನೆ ಉಳಿಯುತ್ತದೆ. "ನಿವೇಶನ ಬೇಕೆ?" ಎಂದು ಕೇಳಿ ಹೌದೆನ್ನಿಸಿಕೊಂಡು ಬರಬೇಡಿ, ಎಲ್ಲಿ ಬೇಕು ಎಂದು ಕೇಳಿ.

ಪ್ರಶ್ನೆ: ಕೂಡ್ಲೂರಿನಲ್ಲಿ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ದುಡಿಯುವ ಹೆಂಗಸರನ್ನು ಎಲ್ಲಿ ಭೇಟಿಯಾಗುವುದು? (ಕುಶಾಲನಗರ)

ಗೇಟಿನ ಮುಂದೆ ಬೇಡ. ಅಲ್ಲಿ ಬಸ್ಸು ಹಿಡಿಯುವ ಆತುರ, ಮೇಲೆ ಕ್ಯಾಮೆರಾ. ಅವರು ಯಾವ ಬಡಾವಣೆಗಳಿಂದ ಬರುತ್ತಾರೆ ಎಂದು ತಿಳಿದು, ಸ್ವಸಹಾಯ ಸಂಘದ ವಾರದ ಸಭೆ ಮುಗಿದ ಮೇಲೆ ಇಪ್ಪತ್ತು ನಿಮಿಷ ಕೇಳಿ. ಬೀಜ ಆರಿಸುವವರಿಗೆ ದೂಳು, ಬೆನ್ನುನೋವು, ಹಂಗಾಮು ಮುಗಿದ ಮೇಲೆ ಕೆಲಸವಿಲ್ಲದ ತಿಂಗಳು, ಇಎಸ್‌ಐ ಮತ್ತು ಪಿಎಫ್ ಕಡಿತ, ಇವನ್ನು ಬಿಡಿಬಿಡಿಯಾಗಿ ಕೇಳಬೇಕು.

ಪ್ರಶ್ನೆ: ಕೇಳುವ ಪ್ರವಾಸದ ಖರ್ಚೂ ಚುನಾವಣಾ ಲೆಕ್ಕಕ್ಕೆ ಬರುತ್ತದೆಯೆ? ಚಹಾ, ಬಿಸ್ಕತ್ತು ಕೊಟ್ಟರೆ ತಪ್ಪೆ? (ಸೋಮವಾರಪೇಟೆ)

ಅಭ್ಯರ್ಥಿಯ ಲೆಕ್ಕ ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗೆ. ಮಿತಿ ನಮ್ಮಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮುಂಚೆ ಬೇರೆ ಬ್ಯಾಂಕ್ ಖಾತೆ ತೆರೆದು ಖರ್ಚೆಲ್ಲ ಅದರಿಂದಲೇ ಮಾಡಬೇಕು. ಒಬ್ಬರಿಗೇ ಇಡೀ ಚುನಾವಣೆಯಲ್ಲಿ 10,000ಕ್ಕಿಂತ ಹೆಚ್ಚು ನಗದು ಕೊಡುವಂತಿಲ್ಲ. ಜೀಪಿನ ಬಾಡಿಗೆಯಲ್ಲಿ ಎಡವುವುದು ಇಲ್ಲೇ: ದಿನಕ್ಕೆ ಎರಡೆರಡು ಸಾವಿರ ಕೈಗೆ ಕೊಟ್ಟರೆ ಆರನೆಯ ದಿನ ಮಿತಿ ದಾಟಿತು. ಸ್ನೇಹಿತರು ಪುಕ್ಕಟೆ ಕೊಟ್ಟ ಜೀಪಿಗೂ ಜಿಲ್ಲಾ ಚುನಾವಣಾಧಿಕಾರಿ ಗೊತ್ತುಮಾಡಿದ ದರದಲ್ಲಿ ಬಾಡಿಗೆ ಹಾಕುತ್ತಾರೆ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಬೇಕು. ಸರಿಯಾದ ಕಾರಣವಿಲ್ಲದೆ ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಸೋತವರು ಇದನ್ನು ಮರೆತು ಸಿಕ್ಕಿಬೀಳುತ್ತಾರೆ.

ಚಹಾ ಕೊಡಬೇಡಿ. ಮತದಾರರಿಗೆ ತಿನ್ನಲು, ಕುಡಿಯಲು ಹಂಚಿದ್ದು ಆಮಿಷದ ದೂರಿಗೆ ದಾರಿ. ಅವರು ಕೊಟ್ಟ ಕರಿಕಾಫಿ ಕುಡಿಯಿರಿ.

ಪ್ರಶ್ನೆ: ಮಾತು ಕೇಳುವಾಗಲೇ ಹೆಸರು, ಮೊಬೈಲ್ ನಂಬರ್, ಬೇಕಾದ ಸೌಲಭ್ಯ ಬರೆಸಿಕೊಳ್ಳುವ ಫಾರಂ ಅಚ್ಚು ಹಾಕಿಸಿದ್ದೇವೆ. ಬಳಸಬಹುದೆ? (ಮಡಿಕೇರಿ)

ಮೂಲೆಗೆ ಹಾಕಿ. ಗೆದ್ದ ಮೇಲೆ ಕೊಡುವ ಸೌಲಭ್ಯಕ್ಕೆ ಸಮೀಕ್ಷೆಯ ಹೆಸರಲ್ಲಿ ಮತದಾರರನ್ನು ನೋಂದಾಯಿಸುವುದನ್ನು ನಿಲ್ಲಿಸಿ ಎಂದು ಚುನಾವಣಾ ಆಯೋಗ 2024ರ ಮೇ 2ರಂದು ಪಕ್ಷಗಳಿಗೆ ಸೂಚಿಸಿದೆ. ಜನಪ್ರತಿನಿಧಿ ಕಾಯ್ದೆಯ 123(1)ನೇ ಸೆಕ್ಷನ್ ಪ್ರಕಾರ ಅದು ಲಂಚದ ಲೆಕ್ಕಕ್ಕೆ ಬರುತ್ತದೆಂಬುದು ಆಯೋಗದ ನಿಲುವು. ಮೇಲೆ ಹೇಳಿದ ಐದು ಕಾಲಮ್ಮಿನಲ್ಲಿ ಹೆಸರಿಗೆ ಜಾಗ ಇಡದ್ದು ಇದಕ್ಕೇ. ಹೆಸರಿಲ್ಲದ ಪುಸ್ತಕ ಕಳೆದುಹೋಗಿ ಮಾಲೀಕರ ಕೈಗೆ ಸಿಕ್ಕರೂ ಯಾರ ಕೆಲಸವೂ ಹೋಗುವುದಿಲ್ಲ, ಅದೂ ಒಂದು ಕಾರಣ. ಇನ್ನು ಯಾವ ಕರಪತ್ರ ಅಚ್ಚು ಹಾಕಿಸಿದರೂ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು.

ಪ್ರಶ್ನೆ: ನಾವು ಲೈನ್ ಮನೆಯಲ್ಲಿದ್ದೇವೆ. ಮತದಾರರ ಪಟ್ಟಿಗೆ ಹೆಸರು ಸೇರಿಸಿದರೆ ಮನೆ ಬಿಡಿಸಲು ಕಷ್ಟವಾಗುತ್ತದೆ ಎಂದು ತೋಟದವರು ಬೇಡ ಅನ್ನುತ್ತಾರೆ. ಮತದಾನದ ದಿನ ರಜೆ ಹಾಕಿದರೆ ಕೂಲಿ ಸಿಗುತ್ತದೆಯೆ? (ಚೆಟ್ಟಳ್ಳಿ)

ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮನೆಯ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ. ತೋಟದವರಿಗೆ ಇದನ್ನು ಸಮಾಧಾನವಾಗಿ ಹೇಳಿ, ಅವರ ಹೆದರಿಕೆ ಬಹಳ ಸಲ ತಿಳಿಯದೆ ಬಂದದ್ದು. ಹೆಸರು ಸೇರಿಸಲು ಅವರ ಒಪ್ಪಿಗೆಯೂ ಬೇಕಿಲ್ಲ. ನೀವು ಸಾಮಾನ್ಯವಾಗಿ ವಾಸವಾಗಿರುವ ಜಾಗ ಅದು ಎಂಬುದೇ ಮುಖ್ಯ. ಮೊದಲ ಸಲ ಸೇರಿಸುವುದಾದರೆ ನಮೂನೆ 6, ಬೇರೆ ಊರಿನ ಪಟ್ಟಿಯಿಂದ ಇಲ್ಲಿಗೆ ಬದಲಿಸುವುದಾದರೆ ನಮೂನೆ 8. ವಿಳಾಸದ ದಾಖಲೆ ಇಲ್ಲದಿದ್ದರೆ ಮತಗಟ್ಟೆ ಮಟ್ಟದ ಅಧಿಕಾರಿಯಾದ ಬಿಎಲ್‌ಒ ಮನೆಗೇ ಬಂದು ನೋಡಿ ಬರೆಯಬೇಕು. ಅವರು ಹಗಲು ಬಂದು ಬೀಗ ನೋಡಿ ಹೋಗಿಬಿಡುತ್ತಾರೆ, ಹಾಗಾಗಿ ಭಾನುವಾರ ಬನ್ನಿ ಎಂದು ಮೊದಲೇ ಫೋನಿನಲ್ಲಿ ಹೇಳಿಕೊಳ್ಳಿ. ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಡಿ. ನಾಮಪತ್ರದ ಕೊನೆಯ ದಿನಕ್ಕೆ ಹತ್ತು ದಿನ ಮುಂಚೆಯೇ ಅರ್ಜಿ ತಲುಪಿರಬೇಕು. ಸಂದೇಹವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ.

ಮತದಾನದ ದಿನದ ಕೂಲಿ ಸಿಗಬೇಕು. ಜನಪ್ರತಿನಿಧಿ ಕಾಯ್ದೆಯ 135ಬಿ ಸೆಕ್ಷನ್ ಸಂಬಳಸಹಿತ ರಜೆ ಕೊಡುತ್ತದೆ, ದಿನಗೂಲಿಯವರೂ ಅದರಲ್ಲಿ ಸೇರಿದ್ದಾರೆ. ತಪ್ಪಿದ ಮಾಲೀಕರಿಗೆ ದಂಡ 500 ರೂಪಾಯಿವರೆಗೆ. ಇಷ್ಟು ಕಡಿಮೆ ಇರುವುದರಿಂದಲೇ ಯಾರೂ ಹೆದರುವುದಿಲ್ಲ. ಕೊಯ್ಲಿನವರಂತೆ ಕೆಜಿ ಲೆಕ್ಕದವರಿಗೆ ಆ ದಿನಕ್ಕೆ ಎಷ್ಟು ಎಂದು ಮುಂಚಿನ ವಾರವೇ ರೈಟರ್ ಹತ್ತಿರ ಮಾತಾಡಿಕೊಳ್ಳಿ, ಬಟವಾಡೆಯ ದಿನ ಕೇಳಿದರೆ ಜಗಳವಾಗುತ್ತದೆ. ಮತಗಟ್ಟೆಗೆ ಪಕ್ಷದ ಗಾಡಿ ಹತ್ತಬೇಡಿ. ಅಭ್ಯರ್ಥಿ ಪುಕ್ಕಟೆ ಗಾಡಿ ಕಳಿಸುವುದು ಭ್ರಷ್ಟ ಆಚರಣೆ ಎನಿಸುತ್ತದೆ.

ಪ್ರಶ್ನೆ: ನಮ್ಮ ಅಭ್ಯರ್ಥಿ ಕೇಳಲು ಹೋಗಿ ತಾವೇ ಮಾತಾಡಿ ಬರುತ್ತಾರೆ. ಏನು ಮಾಡುವುದು? (ನಾಪೋಕ್ಲು)

ನೋಟುಬುಕ್ಕನ್ನೂ ಪೆನ್ನನ್ನೂ ಅವರ ಕೈಗೇ ಕೊಡಿ. ಬರೆಯುವ ಕೆಲಸ ಮೇಲೆ ಬಿದ್ದರೆ ಭಾಷಣ ತಾನಾಗಿ ನಿಲ್ಲುತ್ತದೆ. ಆಗಲೂ ನಿಲ್ಲದಿದ್ದರೆ ಮುಂದಿನ ಲೈನಿಗೆ ಅವರ ಮನೆಯವರನ್ನು ಕಳಿಸಿ.